ಎಳೆಯ ಮಗುವಿನೊಡನೆ ವಿಮಾನಯಾನ: ಕಾರ್ ಸೀಟು ಮತ್ತು ಸ್ಟ್ರೋಲರ್

ಎಳೆಯ ಮಕ್ಕಳನ್ನು ಕರೆದುಕೊಂಡು ದೂರ ಪ್ರಯಾಣ ಮಾಡುವುದು ಮುಂಬಯಿ ಕನ್ನಡಿಗರಿಗೆ ಹೊಸತಲ್ಲ. ನಮ್ಮ ಹಿರಿಯರು ಹಗಲಿರುಳೂ ಬಸ್ಸಿನಲ್ಲಿ ಕುಳಿತು, ಘಟ್ಟವಿಳಿದು ಊರು ಸೇರುತ್ತಿದ್ದರು. 1998ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣವಾಗಿ ತೆರೆದ ಮೇಲೆ ಆ ಬವಣೆ ಬಹುಮಟ್ಟಿಗೆ ನೀಗಿತು. ಈಗಂತೂ ಒಂದೂವರೆ ಗಂಟೆಯೊಳಗೆ ಬಜ್ಪೆಯಲ್ಲಿ ಇಳಿಯುವ ವಿಮಾನಗಳಿವೆ. ಕಡಲಾಚೆ ನೆಲೆಸಿದ ನಮ್ಮ ಮಕ್ಕಳೂ ತಂಗಿ-ತಮ್ಮಂದಿರೂ ಕೂಸುಗಳೊಡನೆ ಸಹಾರದ ನಿಲ್ದಾಣಕ್ಕೆ ಬಂದಿಳಿಯುತ್ತಿದ್ದಾರೆ. ಅವರೊಡನೆ ಬರುವ ಸಾಮಾನುಗಳಲ್ಲಿ ಎರಡು ನಮಗೆ ತುಸು ಹೊಸವು. ಒಂದು, ಮಗುವನ್ನು ಕಾರಿನಲ್ಲಿ ಪಟ್ಟಿಗಳಿಂದ ಬಿಗಿದು ಕೂರಿಸುವ ಕಾರ್ ಸೀಟು. ಇನ್ನೊಂದು, ಮಡಚಲು ಬರುವ ತಳ್ಳುಗಾಡಿಯಾದ ಸ್ಟ್ರೋಲರ್. ಇವುಗಳನ್ನು ಯಾವಾಗ, ಎಲ್ಲಿ, ಹೇಗೆ ಬಳಸತಕ್ಕದ್ದು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಾನು ವೈದ್ಯನಲ್ಲ, ಲೆಕ್ಕಪತ್ರದ ಮನುಷ್ಯ. ಆದರೂ ಈ ವಿಷಯವನ್ನು ಓದಿ ತಿಳಿಯುವಂತೆ ಮಾಡಿದ ಒಂದು ಪ್ರಸಂಗವನ್ನು ಮೊದಲು ಹೇಳಬೇಕು.

ಕ್ಯಾರಿಯರ್ ಮೇಲಿನ ಸೀಟು

ಕೆಲವು ವರ್ಷಗಳ ಹಿಂದೆ ನನ್ನ ತಂಗಿ ಹದಿನೆಂಟು ತಿಂಗಳ ಮಗನೊಡನೆ ಅಮೆರಿಕದಿಂದ ಬಂದಳು. ಕಾರ್ ಸೀಟನ್ನು ಚೀಲದಲ್ಲಿ ಕಟ್ಟಿ, ಎರಡು ವಿಮಾನ ಬದಲಿಸಿ, ಜೋಪಾನವಾಗಿ ತಂದಿದ್ದಳು. ಅವಳನ್ನು ಎದುರುಗೊಳ್ಳಲು ಅಮ್ಮನೂ ನಾನೂ ಹೋಗಿದ್ದೆವು. ಆಟೋರಿಕ್ಷಾಗಳು ಸಯನ್ ದಾಟಿ ಒಳಬರುವಂತಿಲ್ಲವಾದ್ದರಿಂದ ಆಂಟಾಪ್ ಹಿಲ್ ನಿವಾಸಿಗಳಿಗೆ ಟ್ಯಾಕ್ಸಿಯೇ ಗತಿ. ಟ್ಯಾಕ್ಸಿಯ ಡಿಕ್ಕಿಯಲ್ಲಿ ಗ್ಯಾಸ್ ಸಿಲಿಂಡರು ಕುಳಿತಿತ್ತು. ಪೆಟ್ಟಿಗೆಗಳೊಡನೆ ಕಾರ್ ಸೀಟೂ ಮೇಲಿನ ಕ್ಯಾರಿಯರ್ ಏರಿತು. ತಂಗಿ ಅನುಮಾನಿಸಿದಾಗ ಅಮ್ಮ, "ಅಜ್ಜಿಯ ಮಡಿಲಿಗಿಂತ ಭದ್ರವಾದ ಜಾಗ ಯಾವುದಿದೆ ಮಗಳೇ?" ಎಂದರು. ನಾನೂ, "ಹತ್ತಿರದ ದಾರಿ, ಅರ್ಧ ಗಂಟೆಯಲ್ಲಿ ಮನೆ," ಎಂದು ದನಿಗೂಡಿಸಿದೆ.

ಸಯನ್ ಸಮೀಪಿಸುತ್ತಿದ್ದಾಗ ಮುಂದಿನ ಬೈಕೊಂದು ತಟಕ್ಕನೆ ಅಡ್ಡ ಬಂತು. ಚಾಲಕನು ಬ್ರೇಕು ಒತ್ತಿದ. ಯಾವ ಡಿಕ್ಕಿಯೂ ಆಗಲಿಲ್ಲ. ಆದರೆ ಮಗು ಅಮ್ಮನ ಕೈಯಿಂದ ಜಾರಿ ಮುಂದಿನ ಆಸನದ ಬೆನ್ನಿಗೆ ಮುಖ ಬಡಿದುಕೊಂಡಿತು. ತುಟಿ ಸೀಳಿತು, ರಕ್ತ ಬಂತು. ವೈದ್ಯರು ನೋಡಿ ಭಯವಿಲ್ಲವೆಂದರು. ನಾಲ್ಕು ದಿನಗಳಲ್ಲಿ ಗಾಯ ಮಾಯಿತು. ಅಮ್ಮ ಮಾತ್ರ ಬಹುದಿನ ತಮ್ಮ ಎರಡು ಕೈಗಳನ್ನೇ ನೋಡಿಕೊಳ್ಳುತ್ತಾ, "ಬಿಗಿಯಾಗಿಯೇ ಹಿಡಿದಿದ್ದೆನಲ್ಲ," ಎನ್ನುತ್ತಿದ್ದರು. ಅವರು ನಿಜವಾಗಿಯೂ ಬಿಗಿಯಾಗಿಯೇ ಹಿಡಿದಿದ್ದರು. ಒಡವೆಯನ್ನು ಮೇಜಿನ ಮೇಲೆ ಬಿಟ್ಟು ಬರಿಯ ಲಾಕರಿಗೆ ಬೀಗ ಹಾಕಿದಂತಹ ತಪ್ಪು ನನ್ನದಾಗಿತ್ತು.

ಮಡಿಲು ಏಕೆ ಸಾಲದು?

ಇದನ್ನು ಸರಳ ಗಣಿತದಿಂದ ತಿಳಿಯಬಹುದು. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ ಸುಮಾರು 14 ಮೀಟರ್ ಓಡುತ್ತದೆ. ಅದು ಡಿಕ್ಕಿಯಾಗಿ ಒಂದು ಸೆಕೆಂಡಿನ ಹತ್ತನೆಯ ಒಂದು ಪಾಲಿನಲ್ಲಿ ನಿಂತಿತೆನ್ನಿ. ಆಗ ಒಳಗಿರುವ ವಸ್ತುವಿನ ಮೇಲೆ ಅದರ ತೂಕದ ಸುಮಾರು 14 ಪಟ್ಟು ಬಲ ಬೀಳುತ್ತದೆ. ಹತ್ತು ಕಿಲೋ ತೂಗುವ ಮಗುವನ್ನು ತಡೆಯಲು 140 ಕಿಲೋ ಭಾರ ಹಿಡಿಯುವ ಶಕ್ತಿ ಬೇಕು. ಐವತ್ತು ಕಿಲೋದ ಮೂರು ಅಕ್ಕಿಮೂಟೆಗಳು ಒಮ್ಮೆಲೇ ಮಡಿಲಿನಿಂದ ಮುನ್ನುಗ್ಗಿದರೆ ಯಾವ ತಾಯಿಯ ತೋಳು ತಡೆದೀತು? ಮಗುವನ್ನೂ ಹಿರಿಯರನ್ನೂ ಒಂದೇ ಬೆಲ್ಟಿನೊಳಗೆ ಸುತ್ತುವುದು ಇನ್ನೂ ಅಪಾಯಕರ. ಹಿರಿಯರ ಭಾರವೆಲ್ಲ ಮಗುವಿನ ಮೇಲೆಯೇ ಬೀಳುತ್ತದೆ.

ಎಳೆಯರ ದೇಹರಚನೆಯೂ ಬೇರೆ. ನವಜಾತ ಶಿಶುವಿನ ತಲೆಯು ದೇಹದ ಉದ್ದದ ಸುಮಾರು ಕಾಲು ಭಾಗವಿರುತ್ತದೆ. ಕುತ್ತಿಗೆಯ ಎಲುಬುಗಳು ಇನ್ನೂ ಬಲಿತಿರುವುದಿಲ್ಲ. ಆದ್ದರಿಂದ ಮಗುವಿನ ಮುಖ ಕಾರಿನ ಹಿಂಬದಿಗೆ ತಿರುಗಿರುವಂತೆ ಸೀಟನ್ನು ಕಟ್ಟಿದರೆ, ಧಕ್ಕೆಯು ಬೆನ್ನಿನ ತುಂಬ ಹಂಚಿಹೋಗಿ ಕುತ್ತಿಗೆ ಉಳಿಯುತ್ತದೆ. ಆ ಸೀಟಿಗೆ ನಿಗದಿಯಾದ ಎತ್ತರ, ತೂಕಗಳ ಮಿತಿ ಮುಟ್ಟುವವರೆಗೂ ಹೀಗೆಯೇ ಕೂರಿಸಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2018ರಲ್ಲಿ ಸಲಹೆಯಿತ್ತಿದೆ. ಮಕ್ಕಳ ಸೀಟುಗಳ ಬಳಕೆಯಿಂದ ಅಪಘಾತದ ಮರಣಗಳನ್ನು ಶೇಕಡಾ 60ರಷ್ಟು ತಗ್ಗಿಸಬಹುದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ.

ನಮ್ಮ ಕಾನೂನೂ ಸುಮ್ಮನಿಲ್ಲ. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿದ 194-ಬಿ ಕಲಮಿನಂತೆ, ಹದಿನಾಲ್ಕು ವರ್ಷದೊಳಗಿನ ಮಗುವನ್ನು ಬೆಲ್ಟಿನಿಂದಾಗಲಿ ಮಕ್ಕಳ ಸೀಟಿನಿಂದಾಗಲಿ ಭದ್ರಪಡಿಸದೆ ಕಾರು ಓಡಿಸಿದವರಿಗೆ ಸಾವಿರ ರೂಪಾಯಿ ದಂಡವಿದೆ. 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿಯವರು ಪಾಲ್ಘರ್ ಜಿಲ್ಲೆಯಲ್ಲಿ ಅಪಘಾತಕ್ಕೀಡಾದಾಗ, ಹಿಂದಿನ ಆಸನದಲ್ಲಿ ಅವರು ಬೆಲ್ಟು ಕಟ್ಟಿರಲಿಲ್ಲವೆಂಬ ಸಂಗತಿ ದೇಶವನ್ನೇ ಎಚ್ಚರಿಸಿತು. ಆ ವರ್ಷದ ನವೆಂಬರಿನಿಂದ ಮುಂಬಯಿ ಪೊಲೀಸರು ಹಿಂದೆ ಕುಳಿತವರಿಗೂ ಬೆಲ್ಟನ್ನು ಕಡ್ಡಾಯಗೊಳಿಸಿದರು.

ವಿಮಾನದೊಳಗೆ

ಎರಡು ವರ್ಷ ತುಂಬದ ಮಗು ಹಿರಿಯರ ಮಡಿಲಿನಲ್ಲಿ ಕುಳಿತು ಪ್ರಯಾಣಿಸಬಹುದು. ತುಂಬಿದ ಬಳಿಕ ಪ್ರತ್ಯೇಕ ಆಸನ ಬೇಕೇ ಬೇಕು. ಮಡಿಲ ಮಗುವಿಗೆ ನಮ್ಮಲ್ಲಿ ಹಿರಿಯರ ಬೆಲ್ಟಿಗೆ ಪೋಣಿಸುವ ಒಂದು ಚಿಕ್ಕ ಬೆಲ್ಟನ್ನು ಕೊಡುತ್ತಾರೆ. ಆದರೆ ಮಗುವಿಗೂ ಆಸನ ಕೊಂಡು ಅದರಲ್ಲಿ ಕಾರ್ ಸೀಟನ್ನು ಕಟ್ಟುವುದೇ ಹೆಚ್ಚು ಕ್ಷೇಮ.

ಇದಕ್ಕೊಂದು ದುಃಖದ ಇತಿಹಾಸವಿದೆ. 1989ರ ಜುಲೈ 19ರಂದು ಯುನೈಟೆಡ್ ಏರ್‌ಲೈನ್ಸಿನ 232ನೆಯ ವಿಮಾನವು ಅಮೆರಿಕದ ಸೂ ಸಿಟಿಯಲ್ಲಿ ಅಪ್ಪಳಿಸಿತು. ಅದರಲ್ಲಿ ನಾಲ್ಕು ಮಡಿಲ ಮಕ್ಕಳಿದ್ದರು. ಅಂದಿನ ಪದ್ಧತಿಯಂತೆ, ಮಕ್ಕಳನ್ನು ನೆಲದ ಮೇಲಿಟ್ಟು ಹಿಡಿದುಕೊಳ್ಳಿರೆಂದು ತಾಯಂದಿರಿಗೆ ಹೇಳಲಾಗಿತ್ತು. ಒಂದು ಮಗು ಕೈತಪ್ಪಿ ಅಸು ನೀಗಿತು. ಹಾಗೆ ಹೇಳಬೇಕಾಗಿ ಬಂದಿದ್ದ ಮುಖ್ಯ ಪರಿಚಾರಿಕೆ ಜಾನ್ ಬ್ರೌನ್ ಅವರು, ಪ್ರತಿ ಮಗುವಿಗೂ ಆಸನ ಕಡ್ಡಾಯವಾಗಲೆಂದು ಮುಂದೆ ದಶಕಗಳ ಕಾಲ ಹೋರಾಡಿದರು. ಅಲ್ಲಿನ ವಿಮಾನಯಾನ ಆಡಳಿತವು ಕಾರ್ ಸೀಟನ್ನು ಬಲವಾಗಿ ಶಿಫಾರಸು ಮಾಡುತ್ತದೆ, ಆದರೆ ಕಡ್ಡಾಯ ಮಾಡಿಲ್ಲ. ಅದಕ್ಕೆ 2005ರಲ್ಲಿ ಕೊಟ್ಟ ಕಾರಣ ಗಮನಾರ್ಹ: ಹೆಚ್ಚುವರಿ ಟಿಕೀಟಿನ ಖರ್ಚಿಗೆ ಅಂಜಿ ಕುಟುಂಬಗಳು ಕಾರಿನಲ್ಲಿ ಹೊರಟರೆ, ವಿಮಾನಕ್ಕಿಂತ ರಸ್ತೆಯಲ್ಲಿಯೇ ಹೆಚ್ಚು ಮಕ್ಕಳು ಸತ್ತಾರು! ರಸ್ತೆಯ ಅಪಾಯ ಎಷ್ಟೆಂಬುದು ಈ ಒಂದೇ ವಾದದಿಂದ ಸ್ಪಷ್ಟವಾಗುತ್ತದೆ.

ಸೀಟನ್ನು ವಿಮಾನದೊಳಗೆ ಬಳಸಬಯಸುವವರು ಕೆಳಗಿನ ಅಂಶಗಳನ್ನು ಗಮನಿಸಬೇಕು:

1. ಅಮೆರಿಕದಲ್ಲಿ ಕೊಂಡ ಸೀಟಾದರೆ, ಅದು ಮೋಟಾರು ವಾಹನ, ವಿಮಾನಗಳೆರಡಕ್ಕೂ ಪ್ರಮಾಣಿತವಾಗಿದೆಯೆಂಬ ಕೆಂಪಕ್ಷರದ ಬರಹ ಅದರ ಮೇಲಿರಬೇಕು. ಬೆನ್ನಿಲ್ಲದ ಬೂಸ್ಟರ್ ಮಣೆಗಳನ್ನು ವಿಮಾನ ಏರುವಾಗ, ಇಳಿಯುವಾಗ ಬಳಸುವಂತಿಲ್ಲ.

2. ಹದಿನಾರು ಅಂಗುಲಕ್ಕಿಂತ ಅಗಲವಲ್ಲದ ಸೀಟು ಸಾಮಾನ್ಯವಾಗಿ ವಿಮಾನದ ಆಸನದಲ್ಲಿ ಹಿಡಿಸುತ್ತದೆ.

3. ಅದನ್ನು ಕಿಟಕಿಯ ಬದಿಯಲ್ಲಿಯೇ ಕಟ್ಟಬೇಕು. ಇತರರು ಹೊರಬರುವ ದಾರಿಗೆ ಅಡ್ಡವಾಗಬಾರದು. ತುರ್ತು ದ್ವಾರದ ಸಾಲು ಸಲ್ಲದು.

4. ವಿಮಾನ ಕಂಪೆನಿಗಳ ನಿಯಮಗಳು ಒಂದೇ ತೆರನಾಗಿಲ್ಲ. ಟಿಕೀಟು ಕೊಳ್ಳುವಾಗಲೇ ಅನುಮತಿಯನ್ನು ಲಿಖಿತವಾಗಿ ಪಡೆದು ಜೊತೆಯಲ್ಲಿಟ್ಟುಕೊಳ್ಳತಕ್ಕದ್ದು. ಕೌಂಟರಿನಲ್ಲಿ ಬಾಯಿಮಾತಿಗಿಂತ ಕಾಗದಕ್ಕೆ ಬೆಲೆ ಹೆಚ್ಚು.

ಸೀಟನ್ನು ಸಾಮಾನಿನೊಡನೆ ಕಳುಹಿಸುವಾಗ

ಪ್ರತ್ಯೇಕ ಆಸನದ ಖರ್ಚು ಎಲ್ಲರಿಗೂ ನಿಲುಕದು. ಅಂಥವರು ಸೀಟನ್ನು ಸಾಮಾನಿನೊಡನೆ ಕಳುಹಿಸಬಹುದು. ಮಗುವಿನ ಸೀಟು, ಸ್ಟ್ರೋಲರುಗಳನ್ನು ಅನೇಕ ಕಂಪೆನಿಗಳು ಶುಲ್ಕವಿಲ್ಲದೆ ಒಯ್ಯುತ್ತವೆ; ಎರಡಕ್ಕೂ ಆ ಸವಲತ್ತಿದೆಯೇ, ಒಂದಕ್ಕೆ ಮಾತ್ರವೇ ಎಂದು ಮೊದಲೇ ವಿಚಾರಿಸಿರಿ. ಸೀಟನ್ನು ಅದು ಬಂದ ರಟ್ಟಿನ ಪೆಟ್ಟಿಗೆಯಲ್ಲೋ ಮೆತ್ತೆಯಿರುವ ಚೀಲದಲ್ಲೋ ಕಟ್ಟಬೇಕು. ಎತ್ತಿಹಾಕುವ ರಭಸಕ್ಕೆ ಅದರಲ್ಲಿ ಬಿರುಕು ಬಿಡಬಹುದು. ಬಿರುಕು ಬಟ್ಟೆಯ ಹೊದಿಕೆಯಡಿ ಅಡಗಿರಬಹುದು.

ಆದುದರಿಂದ ಸಾಮಾನು ಕೈಸೇರಿದೊಡನೆ, ನಿಲ್ದಾಣದಿಂದ ಹೊರಬೀಳುವ ಮೊದಲೇ, ಸೀಟಿನ ಹೊದಿಕೆ ಸರಿಸಿ ನೋಡಿರಿ. ಹಾನಿ ಕಂಡರೆ ಅಲ್ಲಿಯೇ ಕಂಪೆನಿಯ ಮೇಜಿನಲ್ಲಿ ದೂರು ದಾಖಲಿಸಿ ಅದರ ಪ್ರತಿ ಪಡೆಯಿರಿ. ಅಂತಾರಾಷ್ಟ್ರೀಯ ಪ್ರಯಾಣದಲ್ಲಿ, 1999ರ ಮಾಂಟ್ರಿಯಲ್ ಒಪ್ಪಂದದಂತೆ, ಹಾನಿಯ ದೂರನ್ನು ಸಾಮಾನು ದೊರೆತ ಏಳು ದಿನಗಳೊಳಗೆ ಲಿಖಿತವಾಗಿ ಕೊಡಬೇಕು. ಭಾರತವೂ ಈ ಒಪ್ಪಂದಕ್ಕೆ ಸೇರಿದೆ. ಗಡುವು ಮೀರಿದ ಹಕ್ಕು ಬಿದ್ದುಹೋಗುತ್ತದೆ. ಇದು ನಮ್ಮ ವೃತ್ತಿಯಲ್ಲಿ ದಿನವೂ ಕಾಣುವ ಮಾತು. ಬಿರುಕುಬಿಟ್ಟ ಸೀಟನ್ನಾಗಲಿ, ಅಪಘಾತದ ಹಿನ್ನೆಲೆ ತಿಳಿಯದ ಹಳೆಯ ಸೀಟನ್ನಾಗಲಿ ಎಂದಿಗೂ ಬಳಸಬಾರದು.

ಸ್ಟ್ರೋಲರಿನ ಸಂಗತಿ

ಸ್ಟ್ರೋಲರಿನ ಉಪಯೋಗ ನಿಲ್ದಾಣದೊಳಗೆ ಹೆಚ್ಚು. ಹಲವು ಕಂಪೆನಿಗಳು ಅದನ್ನು ವಿಮಾನದ ಬಾಗಿಲವರೆಗೂ ಒಯ್ಯಲು ಬಿಡುತ್ತವೆ. ಚೆಕ್-ಇನ್ ಕೌಂಟರಿನಲ್ಲಿಯೇ ಅದಕ್ಕೆ ಚೀಟಿ ಕಟ್ಟಿಸಿ, ಇಳಿದ ಮೇಲೆ ಬಾಗಿಲಲ್ಲಿ ಸಿಗುವುದೋ ಸಾಮಾನಿನ ಬೆಲ್ಟಿನಲ್ಲೋ ಎಂದು ಕೇಳಿಕೊಳ್ಳಬೇಕು. ಭದ್ರತಾ ತಪಾಸಣೆಯಲ್ಲಿ ಮಗುವನ್ನು ಎತ್ತಿಕೊಂಡು ಗಾಡಿಯನ್ನು ಮಡಚಿ ಯಂತ್ರದೊಳಗೆ ಕಳುಹಿಸಬೇಕಾದ್ದರಿಂದ, ಒಂದೇ ಕೈಯಿಂದ ಮಡಚಬಹುದಾದ ಹಗುರ ಗಾಡಿಯೇ ಲೇಸು. ಆಂಟಾಪ್ ಹಿಲ್ಲಿನ ಫುಟ್‌ಪಾತುಗಳನ್ನೂ ಲಿಫ್ಟಿಲ್ಲದ ಮಹಡಿಗಳನ್ನೂ ಬಲ್ಲವರಿಗೆ, ಭಾರದ ಗಾಡಿ ಇಲ್ಲಿ ಮೂಲೆ ಸೇರುವುದೆಂದು ಬೇರೆ ಹೇಳಬೇಕಾಗಿಲ್ಲ. ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಚೀಲವೊಂದಿದ್ದರೆ ಎರಡು ಕೈಗಳೂ ಬಿಡುವಾಗಿರುತ್ತವೆ.

ಕಿವಿನೋವು ಮತ್ತು ನಿದ್ದೆ

ವಿಮಾನ ಏರುವಾಗ, ಅದಕ್ಕಿಂತ ಹೆಚ್ಚಾಗಿ ಇಳಿಯುವಾಗ, ಒಳಗಿನ ಗಾಳಿಯ ಒತ್ತಡ ಬದಲಾಗುತ್ತದೆ. ಮೂಗಿನ ಹಿಂಭಾಗವನ್ನೂ ಕಿವಿಯನ್ನೂ ಕೂಡಿಸುವ ನಾಳವು ಮಕ್ಕಳಲ್ಲಿ ಕಿರಿದಾಗಿರುವುದರಿಂದ ಕಿವಿ ನೋಯುತ್ತದೆ. ನುಂಗಿದಾಗ ಆ ನಾಳ ತೆರೆದುಕೊಳ್ಳುತ್ತದೆ. ಆದ್ದರಿಂದ ಇಳಿಯುವ ವೇಳೆ ಮಗುವನ್ನು ಎಚ್ಚರಗೊಳಿಸಿ ಮೊಲೆಹಾಲನ್ನೋ ನೀರನ್ನೋ ಗುಟುಕು ಗುಟುಕಾಗಿ ಕುಡಿಸಬೇಕು. ನೆಗಡಿ, ಕಿವಿಸೋರಿಕೆಗಳಿದ್ದರೆ ಹೊರಡುವ ಮುನ್ನ ಮಕ್ಕಳ ವೈದ್ಯರನ್ನು ಕಾಣುವುದು ಒಳ್ಳೆಯದು. ನಿದ್ದೆ ಬರಲೆಂದು ನೆಗಡಿಯ ಸಿರಪ್ಪನ್ನು ತಾವಾಗಿಯೇ ಕುಡಿಸುವ ರೂಢಿ ಸರ್ವಥಾ ಕೂಡದು. ಕೆಲವು ಮಕ್ಕಳಲ್ಲಿ ಅದು ನಿದ್ದೆಯ ಬದಲು ರಂಪವನ್ನೇ ಎಬ್ಬಿಸುತ್ತದೆ.

ಇಳಿದ ಮೇಲಿನ ದಾರಿ

ಇಷ್ಟೆಲ್ಲ ಸಿದ್ಧತೆ ಫಲಿಸುವುದು ನಿಲ್ದಾಣದ ಹೊರಗೆ. ಸಹಾರದಿಂದ ಆಂಟಾಪ್ ಹಿಲ್ಲಿನ ಕಿರುದಾರಿಯಿರಲಿ, ಬಜ್ಪೆಯಿಂದ ಉಡುಪಿ ಕಡೆಯ ಹೆದ್ದಾರಿಯಿರಲಿ, ಮಗುವಿಗೆ ಸೀಟು ಅತ್ಯಗತ್ಯವಾಗುವುದು ಅಲ್ಲಿಯೇ. ಆದ್ದರಿಂದ ಎದುರುಗೊಳ್ಳಲು ಹೋಗುವ ನಾವೇ ಮೊದಲು ಸಿದ್ಧರಾಗಬೇಕು.

ಹಿಂದಿನ ಆಸನದಲ್ಲಿ ಬೆಲ್ಟುಗಳು ಸರಿಯಿರುವ, ಸಾಮಾನಿಗೆ ಜಾಗವಿರುವ ಕಾರನ್ನು ಮುಂಚಿತವಾಗಿ ಗೊತ್ತುಪಡಿಸಬೇಕು. ಅನೇಕ ಬಾಡಿಗೆ ವಾಹನಗಳಲ್ಲಿ ಬೆಲ್ಟಿನ ಕೊಂಡಿ ಆಸನದ ಹೊದಿಕೆಯಡಿ ಹೂತಿರುತ್ತದೆ. ಅಮೆರಿಕದ ಕಾರುಗಳಲ್ಲಿ ಬೆಲ್ಟನ್ನು ಪೂರ್ತಿ ಎಳೆದುಬಿಟ್ಟರೆ ಅದು ಬಿಗಿಯಾಗಿ ನಿಲ್ಲುವ ಏರ್ಪಾಡುಂಟು. ಇಲ್ಲಿನ ಅನೇಕ ಕಾರುಗಳಲ್ಲಿ ಅದಿಲ್ಲ. ಆದುದರಿಂದ ಅಲ್ಲಿಂದ ಬರುವವರು, ಬೆಲ್ಟನ್ನು ಹಿಡಿದು ನಿಲ್ಲಿಸುವ ಕ್ಲಿಪ್ಪು ತಮ್ಮ ಸೀಟಿನಲ್ಲಿಯೇ ಇದೆಯೇ ಎಂದು ಹೊರಡುವ ಮೊದಲೇ ಸೀಟಿನ ಕೈಪಿಡಿಯಲ್ಲಿ ನೋಡಿಕೊಳ್ಳತಕ್ಕದ್ದು. ಕಟ್ಟಿದ ಸೀಟು ಅಲುಗಾಡಿಸಿದಾಗ ಒಂದು ಅಂಗುಲಕ್ಕಿಂತ ಹೆಚ್ಚು ಸರಿಯಬಾರದು. ಮಗುವಿನ ಹೆಗಲ ಪಟ್ಟಿಯನ್ನು ಬೆರಳುಗಳಿಂದ ಚಿವುಟಿದರೆ ಮಡಿಕೆ ಸಿಗಬಾರದು. ಏರ್‌ಬ್ಯಾಗಿರುವ ಮುಂದಿನ ಆಸನದಲ್ಲಿ, ಹಿಮ್ಮುಖವಾಗಿ ಕೂರಿಸುವ ಸೀಟನ್ನು ಎಂದೂ ಕಟ್ಟಬಾರದು.

ಇದಕ್ಕೆಲ್ಲ ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ಹಿಂದಿನ ವಾಹನದವರು ಹಾರ್ನು ಬಾರಿಸುತ್ತಾರೆ, ಚಾಲಕ ಗೊಣಗುತ್ತಾನೆ, ದಣಿದ ಮಗು ಅಳುತ್ತದೆ. ಆ ಹೊತ್ತಿನಲ್ಲಿ "ಹೋಗಲಿ ಬಿಡು, ಹತ್ತಿರವೇ" ಎಂಬ ಮಾತು ಹಿರಿಯರಾದ ನಮ್ಮ ಬಾಯಿಂದ ಬಾರದಿರಲಿ.

ತಂಗಿ ಮುಂದಿನ ಸಲ ಬಂದಾಗ ನಾನು ಬೆಲ್ಟುಗಳನ್ನು ಪರೀಕ್ಷಿಸಿದ ಕಾರನ್ನೇ ಕರೆದೊಯ್ದಿದ್ದೆ. ಸೀಟು ಕಟ್ಟುವವರೆಗೂ ಅಮ್ಮ ಮಗುವನ್ನೆತ್ತಿಕೊಂಡು ಬದಿಯಲ್ಲಿ ನಿಂತಿದ್ದರು. ಕೂರಿಸಿದ ಮೇಲೆ ಹೆಗಲ ಪಟ್ಟಿಯನ್ನು ತಾವೇ ಒಮ್ಮೆ ಎಳೆದು ನೋಡಿ, "ಈಗ ಹೊರಡಿ," ಎಂದರು. ದಾರಿಯುದ್ದಕ್ಕೂ ಅವರ ಒಂದು ಕೈ ಮೊಮ್ಮಗನ ಪಾದದ ಮೇಲಿತ್ತು. ನಮ್ಮ ಸಂಘದ ಪ್ರತಿ ಮನೆಯ ಕಂದಮ್ಮಗಳೂ ಹೀಗೆಯೇ ಸುರಕ್ಷಿತವಾಗಿ ಮನೆ ಸೇರಲಿ ಎಂದು ಹಾರೈಸುತ್ತೇನೆ.