ರೈತರ ಮನೆಯಲ್ಲಿ ಬಡಗಿಮೇಜು

ಕಾರವಾರ ಬಂದರಿನ ಮಗ್ಗುಲಲ್ಲಿರುವ ಬೈತಖೋಲದಲ್ಲಿಯೂ ಅಂಕೋಲೆಯ ಗದ್ದೆಬಯಲಿನ ಗ್ರಾಮಗಳಲ್ಲಿಯೂ ಗುದ್ದಲಿಯ ಕಾವು ಮುರಿಯುವುದು ಬಹುಮಟ್ಟಿಗೆ ಜೂನ್ ತಿಂಗಳ ಮೊದಲ ಮಳೆ ಬಿದ್ದ ಮೇಲೆಯೇ. ಆಗ ಬಡಗಿಯು ಹತ್ತು ಮನೆಗೆ ಬೇಕಾದವನು. ಕಾದಿರಲಾರದ ರೈತನು ನೆಲದಲ್ಲಿ ಕುಳಿತು, ಮರವನ್ನು ಕಾಲಿನಿಂದ ಅದುಮಿ ಹಿಡಿದು ಬಾಚಿಯಿಂದ ಕೆತ್ತುವನು. ಬಾಚಿ ಜಾರಿದರೆ ಪೆಟ್ಟು ಪಾದಕ್ಕೆ. ಆ ಪಾದವು ಮರುದಿನ ಕೆಸರಿಗೆ ಇಳಿಯತಕ್ಕದ್ದು. ಧನುರ್ವಾಯುವಿನ ಭಯವನ್ನು ಬಲ್ಲ ಊರ ಹಿರಿಯರೂ ಜಮೀನುದಾರರೂ ತಮ್ಮ ಕೊಟ್ಟಿಗೆಯ ಮೂಲೆಯಲ್ಲಿ ಒಂದು ಬಡಗಿಮೇಜನ್ನು ಮಾಡಿಸಿಡುವುದು ಲೇಸು.

ಇದಕ್ಕೆ ಸಾಗುವಾನಿ ಬೇಕಿಲ್ಲ. ಮೇಲ್ಹಲಗೆಗೆ ಮಾವು ಸಾಕು. ಆದರೆ ಕಡಿದ ಮಾವಿನ ದಿಮ್ಮಿಯನ್ನು ತಡಮಾಡದೆ ಹಲಗೆಯಾಗಿ ಕೊಯ್ಸಬೇಕು, ಇಲ್ಲವಾದರೆ ಬೂಷ್ಟು ಹಿಡಿದು ಹುಳು ಕೊರೆಯುವುದು. ಕಾಲುಗಳಿಗೆ ಅಕೇಶಿಯ ಉತ್ತಮ. ನಮ್ಮ ಕಡಲದಂಡೆಯ ಗಾಳಿಮರವು ಗಟ್ಟಿಯಾದರೂ ಸೀಳುವ, ಸೊಟ್ಟಗಾಗುವ ಜಾತಿ. ಹಳೆಯ ದೋಣಿಯ ಹಲಗೆ ಅಗ್ಗವಾಗಿ ದೊರೆತರೂ ಎರಡು ಸಲ ಯೋಚಿಸಿರಿ: ಉಪ್ಪು ಕುಡಿದ ಮರ ಮಳೆಗಾಲದಲ್ಲಿ ತೇವವನ್ನೆಳೆಯುವುದು, ಒಳಗೆ ಅಡಗಿದ ಮೊಳೆ ಉಜ್ಜುಗೊರಡಿನ ಅಲಗನ್ನು ಮುರಿಯುವುದು. ಸ್ವಂತ ಹಿತ್ತಿಲ ಮರವನ್ನು ಕಡಿಯುವ ಮೊದಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಅಪ್ಪಣೆ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸತಕ್ಕದ್ದು.

ಹಲಗೆಗಳ ನಡುವೆ ರೀಪುಗಳನ್ನಿಟ್ಟು ನೆರಳಿನಲ್ಲಿ ಒಟ್ಟಿ, ತುದಿಗಳಿಗೆ ಬಣ್ಣ ಬಳಿದು, ಚೆನ್ನಾಗಿ ಒಣಗಿಸಬೇಕು. ಈ ಲೇಖಕನು ಅವಸರದಿಂದ ಹಸಿಮರದಲ್ಲಿ ಮಾಡಿಸಿದ ಮೊದಲ ಮೇಜು ಮಾರ್ಚಿಯೊಳಗೆ ಉದ್ದಕ್ಕೂ ಬಿರಿಯಿತು.

ಆರು ಅಡಿ ಉದ್ದ, ಒಂಬತ್ತು ಅಂಗುಲ ಅಗಲ, ಮೂರು ಅಂಗುಲ ದಪ್ಪದ ಎರಡು ಹಲಗೆಗಳು ಸಾಕು. ಬೇಸಗೆಯಲ್ಲಿ ಜೋಡಿಸುವುದಾದರೆ ನಡುವೆ ಕಾಲಂಗುಲ ತೆರವಿರಲಿ. ಮಳೆಯಲ್ಲಿ ಮರ ಉಬ್ಬುವುದು. ನಾಲ್ಕಂಗುಲ ಚೌಕದ ಕಾಲುಗಳ ತಲೆಯನ್ನು ಸಣ್ಣಗೆ ಕೆತ್ತಿ, ಹಲಗೆಯ ತೂತಿನಲ್ಲಿ ಕೂರಿಸಿ ಬೆಣೆ ಹೊಡೆಯಬೇಕು. ಉಪ್ಪುಗಾಳಿಯಲ್ಲಿ ಕಬ್ಬಿಣದ ಮೊಳೆಯು ಬೇಗನೆ ತುಕ್ಕಾಗುವುದು. ಎತ್ತರಕ್ಕೆ ಬೇರೆ ಲೆಕ್ಕ ಬೇಡ: ಕೆಲಸಗಾರನು ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟು ಬರುವಷ್ಟು. ಕಾಲುಗಳನ್ನು ಕೆಳಗೆ ಪಟ್ಟಿಗಳಿಂದ ಬಂಧಿಸಿ, ಅವುಗಳ ಮೇಲೆ ಹಲಗೆ ಹಾಸಿ ನಾಲ್ಕಾರು ಚಿರೇಕಲ್ಲುಗಳನ್ನು ಹೇರಿದರೆ ಮೇಜು ಅಲುಗಾಡದು. ಕಾಲಿನಡಿಯೂ ಒಂದೊಂದು ಕಲ್ಲಿರಲಿ. ನೆಲದ ತೇವ ಮೇಲೇರದು, ಗೆದ್ದಲಿನ ದಾರಿಯೂ ಕಣ್ಣಿಗೆ ಬೀಳುವುದು.

ಮರವನ್ನು ಹಿಡಿಯುವ ಉಪಾಯವೇ ಈ ಮೇಜಿನ ಜೀವ. ಕಬ್ಬಿಣದ ಹಿಡಿತಯಂತ್ರಕ್ಕೆ ಹಣ ಸುರಿಯುವ ಅಗತ್ಯವಿಲ್ಲ. ಎಡತುದಿಯಲ್ಲಿ ಕವಲಿನಂತೆ ಕೊಯ್ದ ಗಟ್ಟಿ ತುಂಡನ್ನು ಮರದ ಗೂಟಗಳಿಂದ ಬಿಗಿದು, ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಕವಲಿಗೆ ತಳ್ಳಿ, ಪಕ್ಕದಲ್ಲಿ ಬೆಣೆ ಹೊಡೆದರೆ ಅದು ಕದಲದು. ಮಲಗಿಸಿ ಉಜ್ಜುವುದಕ್ಕೆ ಎದುರು ತಡೆಯಾಗಿ, ಎತ್ತರ ತಗ್ಗಿಸಬಹುದಾದ ಒಂದು ಗೂಟ ಸಾಕು. ಕಾವು ಕೆತ್ತುವಾಗ ಬಾಚಿಯ ಬದಲು ಉಳಿಯನ್ನೂ ಉಜ್ಜುಗೊರಡನ್ನೂ ಬಳಸಿರಿ. ಉಳಿಯ ಮುಂದೆ ಎಡಗೈ ಎಂದಿಗೂ ಇರಕೂಡದು.

ಮಳೆಗಾಲ ಕಳೆದು ಮರ ಕುಗ್ಗಿದಾಗ ಬೆಣೆಗಳು ಸಡಿಲವಾಗುವುವು. ದೀಪಾವಳಿಯ ಹೊತ್ತಿಗೆ ಅವನ್ನು ಕೊಡತಿಯಿಂದ ಮತ್ತೊಮ್ಮೆ ಬಿಗಿಯಾಗಿ ಹೊಡೆಯತಕ್ಕದ್ದು.