ಲಿಯೊನಾರ್ಡೋನ ಗಾಳಿತಿರುಪು: ಗಂಜಿ, ತಂತಿ, ತೆಂಗಿನ ಕಡ್ಡಿ

1480ರ ದಶಕದ ಕೊನೆಯ ಹೊತ್ತಿಗೆ ಮಿಲಾನ್‌ನಲ್ಲಿದ್ದ ಲಿಯೊನಾರ್ಡೋ ಡ ವಿಂಚಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದು ದೈತ್ಯ ತಿರುಪಿನ ಚಿತ್ರ ಬರೆದ. ನಾರಗಸೆಯ ಬಟ್ಟೆ, ಅದರ ರಂಧ್ರ ಮುಚ್ಚಲು ಗಂಜಿ, ಅಂಚಿಗೆ ತಂತಿ. ಜೋರಾಗಿ ತಿರುಗಿಸಿದರೆ ಇದು ಗಾಳಿಯನ್ನು ಕೊರೆದುಕೊಂಡು ಮೇಲೇರುತ್ತದೆ ಎಂಬುದು ಅವನ ಎಣಿಕೆ. ಆ ಪುಸ್ತಕ ಈಗ ಪ್ಯಾರಿಸ್‌ನಲ್ಲಿದೆ. ಮೊದಲು ಕಾಗದದ ಪುಟ್ಟ ಮಾದರಿ ಮಾಡಿ ನೋಡಿ ಎಂದು ಅವನೇ ಅದರಲ್ಲಿ ಬರೆದಿದ್ದಾನೆ. ನಾವು ಕಾಗದ ಬಿಟ್ಟು ಬಟ್ಟೆಯಲ್ಲೇ ಮಾಡೋಣ. ಗಂಜಿ ಹಾಕುವುದು ನಮಗೇನು ಹೊಸದೇ!

ಬೇಕಾದ್ದು: ಪೆನ್ಸಿಲ್ ದಪ್ಪದ, 30 ಸೆಂ.ಮೀ. ಉದ್ದದ ಬಿದಿರುಕೋಲು, ಹಳೆಯ ತೆಳು ಹತ್ತಿಬಟ್ಟೆ, ಅನ್ನದ ಗಂಜಿ, ಬೈಂಡಿಂಗ್ ವೈರ್, ಐದು ತೆಂಗಿನ ಕಡ್ಡಿ, ಫೆವಿಕಾಲ್, ದಪ್ಪ ರಟ್ಟು, ಖಾಲಿ ಸ್ಕೆಚ್‌ಪೆನ್ನಿನ ಕೊಳವೆ, ದಾರ.

ಹಂತ 1. ಬಟ್ಟೆಯನ್ನು ಮಂದ ಗಂಜಿಯಲ್ಲಿ ಅದ್ದಿ, ಹಿಂಡದೆ, ಹಲಗೆಯ ಮೇಲೆ ಬಿಗಿಯಾಗಿ ಹರಡಿ ಒಣಗಿಸಿ. ಮಡಿಸಿದರೆ ಚರಚರ ಎನ್ನಬೇಕು.

ಹಂತ 2. ಇದೇ ಇಡೀ ಕೆಲಸದ ಜೀವ, ನಿಧಾನವಾಗಿ ಮಾಡಿ. ಬಟ್ಟೆಯ ಮೇಲೆ ಒಂದೇ ಕೇಂದ್ರದಿಂದ 13, 12 ಮತ್ತು 2.3 ಸೆಂ.ಮೀ. ತ್ರಿಜ್ಯದ ಮೂರು ವೃತ್ತ ಎಳೆಯಿರಿ. ಹೊರಗಿನದನ್ನೂ ಒಳಗಿನದನ್ನೂ ಕತ್ತರಿಸಿ. ತೆಳ್ಳಗಿನ ಕೋಲಿಗೆ ಇಷ್ಟು ದೊಡ್ಡ ತೂತೇಕೆ ಅನ್ನಿಸುವುದು ಸಹಜ. ತೂತಿನ ಸುತ್ತಳತೆ ಸುಮಾರು 14 ಸೆಂ.ಮೀ. ಬಟ್ಟೆ ಸುರುಳಿಯಾದಾಗ ಈ ಒಳ ಅಂಚು ಕೋಲನ್ನು ಬಳಸುತ್ತಾ 14 ಸೆಂ.ಮೀ. ಎತ್ತರ ಏರಬೇಕು. ಕೋಲಿನ ಅಳತೆಗೇ ತೂತು ಕೊರೆದರೆ ಬಟ್ಟೆ ಮೇಲೇಳುವುದೇ ಇಲ್ಲ. ಈಗ ಹೊರ ಅಂಚಿನಿಂದ ತೂತಿನವರೆಗೆ ಒಂದು ನೇರ ಸೀಳು ಕೊಡಿ. ಆ ಸೀಳಿನಿಂದ ಎಣಿಸಿ, ಕಾಲು ಕಾಲು ಸುತ್ತಿಗೆ ಮೂರು ಗೆರೆ ಎಳೆಯಿರಿ.

ಹಂತ 3. 75 ಸೆಂ.ಮೀ. ತಂತಿಯನ್ನು 12ರ ವೃತ್ತದ ಮೇಲಿಟ್ಟು, ಹೊರಗುಳಿದ ಅಂಚಿಗೆ ಅಲ್ಲಲ್ಲಿ ಕತ್ತರಿ ತಾಗಿಸಿ, ಮಡಚಿ ಅಂಟಿಸಿ. ರಾತ್ರಿಯಿಡೀ ಒಣಗಲಿ.

ಹಂತ 4. ಕೋಲಿನ ಬುಡದಿಂದ 10 ಸೆಂ.ಮೀ. ಬಿಟ್ಟು, 3.5 ಸೆಂ.ಮೀ.ಗೊಂದರಂತೆ ಐದು ಗುರುತು ಹಾಕಿ. ಕಾಸಿದ ಮೊಳೆಯಿಂದ ತೂತು ಮಾಡಿ (ಮಕ್ಕಳಿದ್ದರೆ ಇದನ್ನು ದೊಡ್ಡವರೇ ಮಾಡಲಿ), 12 ಸೆಂ.ಮೀ. ಉದ್ದದ ಕಡ್ಡಿಗಳನ್ನು ಸಿಕ್ಕಿಸಿ ಅಂಟು ಹಾಕಿ. ಪ್ರತಿ ಕಡ್ಡಿಯೂ ಕೆಳಗಿನದಕ್ಕಿಂತ ಕಾಲು ಸುತ್ತಿಗಿಂತ ಚೂರು ಹೆಚ್ಚೇ ತಿರುಗಿರಬೇಕು, ಎಲ್ಲವೂ ಒಂದೇ ದಿಕ್ಕಿಗೆ.

ಹಂತ 5. ಸೀಳಿನ ಒಂದು ಅಂಚು ಕೆಳಗಿನ ಕಡ್ಡಿಗೆ, ಇನ್ನೊಂದು ಮೇಲಿನದಕ್ಕೆ, ನಡುವಿನ ಮೂರು ಗೆರೆ ಉಳಿದ ಮೂರಕ್ಕೆ. ಅಂಟಿಸಿ, ತುದಿಯಲ್ಲಿ ತಂತಿಗೆ ದಾರ ಬಿಗಿಯಿರಿ. ಅಲ್ಲಲ್ಲಿ ಸುಕ್ಕು ಬಿದ್ದೇ ಬೀಳುತ್ತದೆ. ಚಪ್ಪಟೆ ಬಟ್ಟೆ ಈ ಆಕಾರಕ್ಕೆ ಪೂರಾ ಒಗ್ಗುವುದಿಲ್ಲ, ಚಿಂತೆ ಬೇಡ.

ಹಂತ 6. ರಟ್ಟಿನ ದುಂಡು ಪೀಠದ ನಡುವೆ 5 ಸೆಂ.ಮೀ. ಕೊಳವೆಯನ್ನು ನೆಟ್ಟಗೆ ಅಂಟಿಸಿ, ಕೋಲನ್ನು ಅದರೊಳಗೆ ನಿಲ್ಲಿಸಿ. ಅದು ಸಡಿಲವಾಗಿ ತಿರುಗಬೇಕು.

ಇನ್ನು ಕೊಳವೆಯ ಮೇಲಿನ ಬರಿಗೋಲಿಗೆ ಬುಗುರಿಗೆ ಸುತ್ತುವಂತೆ ದಾರ ಸುತ್ತಿ, ಪೀಠ ಹಿಡಿದುಕೊಂಡು ಎಳೆಯಿರಿ. ಇಲ್ಲಿ ದಾರ ಎಳೆಯುವ ನೀವು ಪೀಠದ ಹೊರಗಿದ್ದೀರಿ. ತಿರುಗಿಸುವವರು ಪೀಠದ ಮೇಲೇ ನಿಂತಿದ್ದರೆ ಅದು ಹಿಮ್ಮುಖವಾಗಿ ತಿರುಗಲು ಹವಣಿಸುತ್ತದೆ. ಲಿಯೊನಾರ್ಡೋನ ಯಂತ್ರದ ಒಂದು ದೊಡ್ಡ ತೊಡಕೇ ಇದು: ಗಾಳಿಯಲ್ಲಿ ತೇಲುವ ಪೀಠವನ್ನು ಹಿಡಿಯುವವರಾರು? ಮನುಷ್ಯರ ತೋಳ್ಬಲವೂ ಆ ಭಾರಕ್ಕೆ ಸಾಲದು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಇಂಥ ನಾಲ್ಕು ತಿರುಪುಗಳ ಪುಟ್ಟ ಡ್ರೋನನ್ನು ಹಾರಿಸಿದ್ದಾರೆ, ಆದರೆ ಅದು ಪ್ಲಾಸ್ಟಿಕ್ ಮತ್ತು ವಿದ್ಯುತ್ ಮೋಟಾರಿನ ಮಹಿಮೆ.

ನಿಮ್ಮದು ಹಾರುವುದಿಲ್ಲ, ಗಾಳಿ ಮಾತ್ರ ನೂಕುತ್ತದೆ. ಪೀಠದ ಮೇಲೆ ಟಿಶ್ಯೂ ಕಾಗದದ ಚೂರು ಹರಡಿ ನೋಡಿ. ಅವು ಪಕ್ಕಕ್ಕೆ ಚದುರಿದರೆ ಗಾಳಿ ಕೆಳಗಿಳಿಯುತ್ತಿದೆ, ದಿಕ್ಕು ಸರಿಯಿದೆ. ಮೇಲಕ್ಕೆ ಎದ್ದರೆ ದಾರವನ್ನು ಎದುರು ದಿಕ್ಕಿಗೆ ಸುತ್ತಿ.