ಕಂಪೆನಿಯಿಂದ ಕಳವಾದ ಗುರುತು

ಸಾಲ ಕೊಡುವವರ ಅನುಕೂಲಕ್ಕಾಗಿ ಜನರ ಸಾಲಚರಿತ್ರೆಯನ್ನು ಬರೆದಿಡುವ ಮೂರು ದೊಡ್ಡ ಸಂಸ್ಥೆಗಳು ಅಮೆರಿಕದಲ್ಲಿವೆ. ಅವುಗಳಲ್ಲೊಂದಾದ ಇಕ್ವಿಫ್ಯಾಕ್ಸ್ ಕಂಪೆನಿಯ ಗಣಕಗಳಿಂದ 2017ರಲ್ಲಿ ಸುಮಾರು 14 ಕೋಟಿ 70 ಲಕ್ಷ ಜನರ ವಿವರಗಳು ಕಳವಾದವು. ತಂತ್ರಾಂಶದ ದೋಷಕ್ಕೆ ತೇಪೆಯು ಮಾರ್ಚಿನಲ್ಲಿಯೇ ದೊರಕಿತ್ತು. ಕಂಪೆನಿ ಅದನ್ನು ಹಾಕಿರಲಿಲ್ಲ. ಮೇ ತಿಂಗಳಲ್ಲಿ ಕಳ್ಳರು ಒಳಹೊಕ್ಕರು. ಜನರಿಗೆ ಸುದ್ದಿ ತಿಳಿದುದು ಸೆಪ್ಟೆಂಬರಿನಲ್ಲಿ!

ಗುಪ್ತಪದ ಹೋದರೆ ನಾವು ಬೇರೊಂದನ್ನು ಇಟ್ಟುಕೊಳ್ಳಬಹುದು, ಜನ್ಮದಿನವನ್ನು ಬದಲಿಸಲಾದೀತೆ? ಹೆಸರು, ಜನ್ಮದಿನ, ಸರಕಾರದ ಗುರುತಿನ ಸಂಖ್ಯೆ ಇಷ್ಟು ಕೈಸೇರಿದರೆ ಕಳ್ಳನು ನಮ್ಮ ಹೆಸರಿನಲ್ಲಿ ಸಾಲವೆತ್ತಬಲ್ಲನು. ಆದುದರಿಂದ ಅಲ್ಲಿಯವರು ಮೊದಲು ಮಾಡಬೇಕಾದುದು ತಮ್ಮ ಸಾಲಚರಿತ್ರೆಗೆ ಬೀಗ ಹಾಕಿಸುವುದು. ಚರಿತ್ರೆ ಕಾಣದಿದ್ದರೆ ಬ್ಯಾಂಕು ಸಾಮಾನ್ಯವಾಗಿ ಹೊಸ ಸಾಲ ಕೊಡದು. ಮೂರು ಸಂಸ್ಥೆಗಳಲ್ಲಿಯೂ ಬೇರೆಬೇರೆಯಾಗಿ ಬೀಗ ಬೀಳಬೇಕು; ಒಂದನ್ನು ಮರೆತರೆ ಹಿತ್ತಿಲ ಬಾಗಿಲು ತೆರೆದಿಟ್ಟಂತೆಯೇ. 2018ರ ಸೆಪ್ಟೆಂಬರಿನಿಂದ ಇದಕ್ಕೆ ಶುಲ್ಕವಿಲ್ಲ.

ನ್ಯಾಯಾಲಯದ ದಾರಿ ನಿಧಾನ. ನೊಂದವರೆಲ್ಲರ ಪರವಾಗಿ ಹೂಡಿದ ದಾವೆ 2019ರಲ್ಲಿ ರಾಜಿಗೆ ಬಂದಿತು. ನಷ್ಟದ ದಾಖಲೆಯಿಲ್ಲದೆ 125 ಡಾಲರ್ ಕೇಳಿದವರು ಬಹುಮಂದಿ. ಅದಕ್ಕೆ ಮೀಸಲಾದುದು 3 ಕೋಟಿ 10 ಲಕ್ಷ ಡಾಲರ್ ಮಾತ್ರ. ಒಬ್ಬೊಬ್ಬರ ಪಾಲು ಕೆಲವೇ ಡಾಲರಿಗಿಳಿಯಿತು. ನಿಜವಾದ ನಷ್ಟಕ್ಕೆ ರಸೀತಿ, ದೂರಿನ ಪ್ರತಿ ಮುಂತಾದವನ್ನು ಕಾಯ್ದಿಟ್ಟವರು 20,000 ಡಾಲರಿನವರೆಗೆ ಕೇಳಬಹುದಾಗಿತ್ತು.